ಚರ್ಚಿನ ಒಳಗೆ ಫೋಟೋ: ಬಣ್ಣವೋ, ಕಪ್ಪು-ಬಿಳುಪೋ?

ಚರ್ಚಿನ ಒಳಗೆ ತೆಗೆದ ಫೋಟೋಗಳನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಒಂದು ಗೋಡೆ ಹಳದಿ, ಪಕ್ಕದ ಕಂಬ ನೀಲಿ, ಮೇಲಿನ ಚಾವಣಿ ಹಸಿರು ಕಾಣುವುದು ಹೊಸದೇನಲ್ಲ. ಎಷ್ಟು ಎಳೆದಾಡಿದರೂ ಸರಿಹೋಗುವುದಿಲ್ಲ. ಕೊನೆಗೆ ಬೇಸತ್ತು ಒಂದು ಬಟನ್ ಒತ್ತಿ ಕಪ್ಪು-ಬಿಳುಪು ಮಾಡಿಬಿಡುತ್ತೇವೆ. ಹಳದಿ-ನೀಲಿ ಜಗಳ ಮುಗಿಯಿತು ನಿಜ. ಆದರೆ ಇಡೀ ಫೋಟೋ ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿ ಸಪ್ಪೆಯಾಗಿ ಕೂತಿರುತ್ತದೆ.

ರಾ ಫೈಲಿನಲ್ಲಿ (ಸೆನ್ಸರಿಗೆ ಸಿಕ್ಕ ಮಾಹಿತಿಯೆಲ್ಲ ಹಾಗೇ ಉಳಿಯುವ ಫೈಲು) ತೆಗೆದರೆ ಎರಡೂ ದಾರಿ ತೆರೆದಿರುತ್ತವೆ, ಆಮೇಲೆ ತೀರ್ಮಾನ ಮಾಡಿದರಾಯಿತು ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಫೈಲಿನಲ್ಲಿ ಬಣ್ಣ ಉಳಿದಿರುತ್ತದೆ, ಸರಿ. ಆದರೆ ಬಣ್ಣದ ಫೋಟೋಗೆ ನಿಲ್ಲುವ ಜಾಗ ಬೇರೆ, ಹೋಗುವ ಹೊತ್ತು ಬೇರೆ, ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದು) ಬೇರೆ. ಇವು ಮೂರೂ ಕ್ಲಿಕ್ ಮಾಡುವ ಮೊದಲೇ ಆಗಬೇಕಾದ ಕೆಲಸ. ಅದಕ್ಕೇ ಈ ಬರಹ ಎಡಿಟಿಂಗ್‌ನಿಂದ ಶುರುವಾಗದೆ ಚರ್ಚಿನ ಬಾಗಿಲಿನಿಂದ ಶುರುವಾಗುತ್ತದೆ.

ಮೊದಲು ಅನುಮತಿ

ಚರ್ಚಿನ ಕಚೇರಿಗೆ ಹೋಗಿ ಕೇಳಿ. ಕೆಲವು ಕಡೆ ಒಳಗೆ ಕ್ಯಾಮೆರಾ ತೆಗೆಯುವಂತೆಯೇ ಇಲ್ಲ, ಕೆಲವು ಕಡೆ ಮೊಬೈಲ್ ಆಗಬಹುದು ಟ್ರೈಪಾಡ್ ಬೇಡ ಎನ್ನುತ್ತಾರೆ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಅವಕಾಶ ಇದೆ ಅಂತಲ್ಲ. ಫಾದರ್ ಅವರ ಹತ್ತಿರ ಎರಡು ನಿಮಿಷ ಮಾತಾಡಿ, ಯಾಕೆ ತೆಗೆಯುತ್ತಿದ್ದೀರಿ ಅಂತ ಹೇಳಿದರೆ ಎಷ್ಟೋ ಸಲ ದೀಪ ಆರಿಸಿ ಕೊಡುವಷ್ಟು ಸಹಾಯ ಸಿಗುತ್ತದೆ. ಈ ದೀಪ ಆರಿಸುವ ವಿಷಯ ಎಷ್ಟು ಮುಖ್ಯ ಅಂತ ಆಮೇಲೆ ಹೇಳುತ್ತೇನೆ.

ವಾರದ ದಿನ, ಬೆಳಗಿನ ಬಲಿಪೂಜೆ (ಮಾಸ್) ಮುಗಿದು ಜನ ಹೊರಟ ಮೇಲೆ ಹೋಗುವುದು ಒಳ್ಳೆಯದು. ಪ್ರಾರ್ಥನೆಗೆ ಕೂತವರನ್ನು, ಪಾಪನಿವೇದನೆಗೆ ಕಾಯುತ್ತಿರುವವರನ್ನು ಫ್ರೇಮಿಗೆ ಸೇರಿಸಬೇಡಿ. ಫ್ಲ್ಯಾಶ್ ಮನೆಯಲ್ಲೇ ಇರಲಿ. ಅದು ಇಷ್ಟು ದೊಡ್ಡ ಜಾಗಕ್ಕೆ ಸಾಲುವುದೂ ಇಲ್ಲ.

ಯಾವ ಹೊತ್ತು, ಯಾವ ಕಾಲ

ಯುರೋಪಿನ ಹಳೆಯ ಚರ್ಚುಗಳಲ್ಲಿ ಬಲಿಪೀಠ ಸಾಮಾನ್ಯವಾಗಿ ಪೂರ್ವಕ್ಕಿರುತ್ತದೆ. ಬೆಳಿಗ್ಗೆ ಬಲಿಪೀಠದ ಹಿಂದಿನ ಕಿಟಕಿಗೆ ಬಿಸಿಲು, ಸಂಜೆ ಮುಖ್ಯ ಬಾಗಿಲಿನ ಮೇಲಿನ ಕಿಟಕಿಗೆ. ನಮ್ಮಲ್ಲಿ ಜಾಗ, ರಸ್ತೆ ನೋಡಿಕೊಂಡು ಕಟ್ಟಿದ್ದು ಜಾಸ್ತಿ, ಹಾಗಾಗಿ ಆ ಲೆಕ್ಕ ನಂಬಬೇಡಿ. ಮೊಬೈಲಿನ ಮ್ಯಾಪಿನಲ್ಲಿ ಕಟ್ಟಡ ಯಾವ ಕಡೆ ತಿರುಗಿದೆ ಅಂತ ನೋಡಿ ಹೊರಡಿ.

ಬಿಸಿಲಿನ ಕೋಲು ಕಿಟಕಿಯಿಂದ ಇಳಿದು ಬೆಂಚುಗಳ ಮೇಲೆ ಬೀಳಬೇಕು ಅಂದರೆ ನೇರ ಬಿಸಿಲು ಬೇಕು, ಗಾಳಿಯಲ್ಲಿ ಸ್ವಲ್ಪ ಧೂಪದ ಹೊಗೆಯೋ ಧೂಳೋ ಇರಬೇಕು. ಇದು ಕಪ್ಪು-ಬಿಳುಪಿನ ಹೊತ್ತು. ಬಣ್ಣದ ಗಾಜಿಗೆ ಮಾತ್ರ ಮೋಡ ಕವಿದ ದಿನವೇ ವಾಸಿ. ನೇರ ಬಿಸಿಲಿಗೆ ಗಾಜಿನ ಒಂದು ತುಂಡು ಉರಿದು ಬೆಳ್ಳಗಾಗಿ, ಪಕ್ಕದ್ದು ಕಪ್ಪಗಾಗುತ್ತದೆ. ಮೋಡದ ಬೆಳಕು ಇಡೀ ಕಿಟಕಿಗೆ ಸಮನಾಗಿ ಹಿಂದಿನಿಂದ ಬರುತ್ತದೆ. ಮಳೆಗಾಲದ ಮಧ್ಯಾಹ್ನ ಸುಮ್ನೆ ಮನೆಯಲ್ಲಿ ಕೂರಬೇಡಿ.

ಇನ್ನೊಂದು ವಿಷಯ ಬಹಳ ಮಂದಿ ಗಮನಿಸುವುದಿಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ ಬಣ್ಣಕ್ಕೆ ಪಂಚಾಂಗ ಇದೆ. ಆಗಮನ ಕಾಲಕ್ಕೂ (ಕ್ರಿಸ್ಮಸ್ಸಿಗೆ ಮುಂಚಿನ ವಾರಗಳು) ತಪಸ್ಸು ಕಾಲಕ್ಕೂ (ಈಸ್ಟರಿಗೆ ಮುಂಚಿನ ವಾರಗಳು) ನೇರಳೆ. ಕ್ರಿಸ್ಮಸ್ ಮತ್ತು ಈಸ್ಟರಿಗೆ ಬಿಳಿ ಅಥವಾ ಚಿನ್ನದ ಬಣ್ಣ. ಶುಭ ಶುಕ್ರವಾರ ಮತ್ತು ಪೆಂತೆಕೋಸ್ತಿಗೆ (ಈಸ್ಟರಿನ ಐವತ್ತನೆಯ ದಿನದ ಹಬ್ಬ) ಕೆಂಪು. ಉಳಿದ ಸಾಧಾರಣ ಕಾಲಕ್ಕೆ ಹಸಿರು. ತಪಸ್ಸು ಕಾಲದ ಕೊನೆಯಲ್ಲಿ ಎಷ್ಟೋ ಚರ್ಚುಗಳಲ್ಲಿ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚುತ್ತಾರೆ. ಆ ಫೋಟೋವನ್ನು ಕಪ್ಪು-ಬಿಳುಪು ಮಾಡಿದರೆ ಏನಾಗುತ್ತದೆ? ಸುಣ್ಣ ಬಳಿಯುವುದಕ್ಕೆ ಮುಚ್ಚಿಟ್ಟ ಪ್ರತಿಮೆ ಅಂತ ಜನ ಅಂದುಕೊಳ್ಳುತ್ತಾರೆ. ಅಲ್ಲಿ ನೇರಳೆಯೇ ಸುದ್ದಿ.

ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರದ ಪೂಜೆ ಮುಗಿದ ಮೇಲೆ ಬಲಿಪೀಠದ ಬಟ್ಟೆ, ಹೂವು, ಮೇಣದಬತ್ತಿ ಎಲ್ಲ ತೆಗೆದುಬಿಡುತ್ತಾರೆ. ಬರೀ ಕಲ್ಲು, ಬರೀ ಮರ ಉಳಿಯುತ್ತದೆ. ಅವತ್ತು ಒಳಗೆ ಫೋಟೋ ತೆಗೆಯಲು ಅನುಮತಿ ಸಿಕ್ಕರೆ ಬಣ್ಣ ಹುಡುಕಬೇಡಿ. ಚರ್ಚೇ ಬಣ್ಣ ತೆಗೆದಿಟ್ಟಿದೆ.

ಒಳಗೆ ಹೋದ ಮೇಲೆ: ಒಂದು ಹಾಳೆಯ ಪರೀಕ್ಷೆ

ಒಳಗೆ ಹೋದ ತಕ್ಷಣ ಕ್ಯಾಮೆರಾ ಎತ್ತಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ ಬೆಳಕು ಎಲ್ಲೆಲ್ಲಿಂದ ಬರುತ್ತಿದೆ ಅಂತ ಒಂದೊಂದಾಗಿ ಎಣಿಸಿ. ನಮ್ಮ ಚರ್ಚುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇಷ್ಟು: ಬಲಿಪೀಠದ ಹತ್ತಿರ ಹಳದಿ ಬಲ್ಬುಗಳು, ಸುಮಾರು 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ಬೆಳಕು ನೀಲಿಗೆ ಹತ್ತಿರ). ಕಂಬಗಳಿಗೆ ಹಾಕಿದ ಬಿಳಿ ಎಲ್‌ಇಡಿ ಅಥವಾ ಟ್ಯೂಬ್‌ಲೈಟ್, 6500ರ ಆಸುಪಾಸು. ಕಿಟಕಿಯಿಂದ ಹಗಲು ಬೆಳಕು, ಬಿಸಿಲಾದರೆ 5500ರ ಹತ್ತಿರ, ನೆರಳಾದರೆ ಇನ್ನೂ ಜಾಸ್ತಿ. ಇದರ ಜೊತೆಗೆ ಪ್ರತಿಮೆಯ ತಲೆಯ ಸುತ್ತ ಸೀರಿಯಲ್ ಸೆಟ್ ಇದ್ದರೆ ಮುಗಿದೇಹೋಯಿತು.

ಕಣ್ಣಿಗೆ ಇದ್ಯಾವುದೂ ತಿಳಿಯುವುದಿಲ್ಲ. ಮಿದುಳು ಎಲ್ಲವನ್ನೂ ಬಿಳಿ ಅಂತಲೇ ಒಪ್ಪಿಕೊಂಡುಬಿಡುತ್ತದೆ. ಹಾಗಾಗಿ ಬ್ಯಾಗಿನಲ್ಲಿ ಒಂದು ಎ4 ಹಾಳೆ ಇಟ್ಟುಕೊಳ್ಳಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕನ್ನು ಬಿಳಿ ಅಂತ ಲೆಕ್ಕ ಹಾಕಬೇಕು ಅನ್ನುವ ಸೆಟ್ಟಿಂಗ್) ಆಟೋದಲ್ಲಿ ಬಿಡದೆ ಹಗಲು ಬೆಳಕಿಗೆ ಇಡಿ. ಹಾಳೆಯನ್ನು ಕಿಟಕಿ ಪಕ್ಕ ಹಿಡಿದು ಒಂದು ಫೋಟೋ, ನಡುವಿನ ಹಾದಿಯಲ್ಲಿ ಒಂದು, ಬಲಿಪೀಠದ ಮೆಟ್ಟಿಲ ಹತ್ತಿರ ಒಂದು. ಮೂರನ್ನೂ ಸ್ಕ್ರೀನಿನಲ್ಲಿ ಒಂದಾದ ಮೇಲೆ ಒಂದು ನೋಡಿ. ಹಾಳೆ ಬಿಳಿಯಿಂದ ಸ್ವಲ್ಪ ಹಳದಿಗೆ ಜಾರಿದರೆ ಪರವಾಗಿಲ್ಲ, ಬಣ್ಣದ ಫೋಟೋ ಆಗುತ್ತದೆ. ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ತಿಳಿನೀಲಿ ಕಂಡರೆ ಈಗಲೇ ಒಂದು ತೀರ್ಮಾನ ಬೇಕು.

ಮೊದಲ ಪರಿಹಾರ ಕಪ್ಪು-ಬಿಳುಪಲ್ಲ, ಸ್ವಿಚ್ಚು. ಚರ್ಚು ನೋಡಿಕೊಳ್ಳುವವರನ್ನು ಕೇಳಿ ಟ್ಯೂಬ್‌ಲೈಟ್ ಆರಿಸಿ. ಬರೀ ಕಿಟಕಿಯ ಬೆಳಕಿನಲ್ಲಿ, ಟ್ರೈಪಾಡ್ ಮೇಲೆ, ಎರಡು-ಮೂರು ಸೆಕೆಂಡಿನ ಶಟರ್‌ನಲ್ಲಿ ತೆಗೆದ ಚರ್ಚಿನ ಒಳಾಂಗಣಕ್ಕೆ ಯಾವ ಎಡಿಟಿಂಗೂ ಸಮ ಬರುವುದಿಲ್ಲ. ಆ ಕಟ್ಟಡ ಕಟ್ಟಿದವರು ಲೆಕ್ಕ ಹಾಕಿದ್ದು ಆ ಬೆಳಕನ್ನೇ. ಸ್ವಿಚ್ಚಿಗೆ ಅವಕಾಶ ಇಲ್ಲದಿದ್ದರೆ, ಎರಡು ಬಗೆಯ ಬೆಳಕು ಒಂದೇ ಫ್ರೇಮಿಗೆ ಬರದ ಹಾಗೆ ನಿಲ್ಲುವ ಜಾಗ ಬದಲಿಸಿ. ಅದೂ ಆಗದಿದ್ದರೆ ಮಾತ್ರ ಕಪ್ಪು-ಬಿಳುಪಿನ ಯೋಚನೆ. ಅದಕ್ಕೂ ಒಂದು ಷರತ್ತಿದೆ.

ಬಣ್ಣ ತೆಗೆದರೆ ಏನು ಉಳಿಯುತ್ತದೆ?

ಷರತ್ತು ಇದೇ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ವಿವರ ಮಾಯವಾಗಿ ಬೆಳಕು-ಕತ್ತಲೆಯ ದೊಡ್ಡ ತುಂಡುಗಳು ಮಾತ್ರ ಕಾಣುತ್ತವೆ. ಆ ತುಂಡುಗಳೇ ಒಂದು ಆಕಾರ ಕೊಡುತ್ತಿದ್ದರೆ, ಅಂದರೆ ಕಂಬದ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು, ಕಮಾನಿನ ಕೆಳಗೆ ಕತ್ತಲು, ನೆಲದ ಮೇಲೆ ಬೆಳಕಿನ ಪಟ್ಟಿ, ಹೀಗಿದ್ದರೆ ಕಪ್ಪು-ಬಿಳುಪು ನಿಲ್ಲುತ್ತದೆ. ಎಲ್ಲ ಒಂದೇ ಮಟ್ಟದ ಮಂಕು ಬೆಳಕಾಗಿದ್ದರೆ ಬಣ್ಣ ತೆಗೆದ ಮೇಲೆ ಏನೂ ಉಳಿಯುವುದಿಲ್ಲ.

ಕೆಲವು ನಿಜವಾದ ಚರ್ಚುಗಳನ್ನೇ ತೆಗೆದುಕೊಳ್ಳೋಣ.

ಮಂಗಳೂರಿನ ಸಂತ ಅಲೋಷಿಯಸ್ ಚಾಪೆಲ್. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರ ಹೊತ್ತಿಗೆ ಇದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿಸಿದರು. ಗೋಡೆಯವು ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೋ, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಇಲ್ಲಿ ಕಪ್ಪು-ಬಿಳುಪಿನ ಪ್ರಶ್ನೆಯೇ ಏಳಬಾರದು. ಚಿತ್ರಗಾರನ ಕೆಲಸವೇ ಬಣ್ಣ. ಒಳಗೆ ಫೋಟೋಗೆ ಅನುಮತಿ ಸಿಕ್ಕರೆ ಒಂದು ಸಣ್ಣ ವಿಷಯ ನೆನಪಿಡಿ. ಫ್ರೆಸ್ಕೋ ಹೊಳೆಯುವುದಿಲ್ಲ, ತೈಲಚಿತ್ರ ಹೊಳೆಯುತ್ತದೆ. ಚಾವಣಿಯಲ್ಲಿ ಕಿಟಕಿಯ ಬೆಳಕು ಬಿಳಿ ಮಚ್ಚೆಯಾಗಿ ಕಂಡರೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಹೋಗಿ. ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೂ ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ಒಂದೂವರೆ-ಎರಡು ಸ್ಟಾಪ್ ಬೆಳಕು (ಒಂದು ಸ್ಟಾಪ್ ಕಮ್ಮಿ ಅಂದರೆ ಬೆಳಕು ಅರ್ಧ) ಅದೇ ತಿಂದುಹಾಕುತ್ತದೆ.

ಮೈಸೂರಿನ ಸಂತ ಫಿಲೋಮಿನಾ ಚರ್ಚು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಇದು ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಮಾದರಿಯ ನವ-ಗೋಥಿಕ್ ಕಟ್ಟಡ. ಸಾಲು ಕಂಬ, ಚೂಪು ಕಮಾನು, ಎತ್ತರ. ಇಲ್ಲಿ ಎರಡೂ ಇವೆ. ಯೇಸುವಿನ ಜನನ, ಕಡೆಯ ಭೋಜನ, ಪುನರುತ್ಥಾನ ಇರುವ ಬಣ್ಣದ ಗಾಜಿನ ಕಿಟಕಿಗಳು ಒಂದು ಕಡೆ. ಒಂದರ ಹಿಂದೆ ಒಂದು ಓಡುವ ಕಮಾನುಗಳು ಇನ್ನೊಂದು ಕಡೆ. ಎರಡನ್ನೂ ಒಂದೇ ಫೋಟೋದಲ್ಲಿ ತುಂಬಲು ಹೋಗಬೇಡಿ. ಗಾಜಿಗೆ ಎಕ್ಸ್‌ಪೋಸ್ ಮಾಡಿದರೆ ಕಂಬಗಳು ಕತ್ತಲು, ಕಂಬಗಳಿಗೆ ಮಾಡಿದರೆ ಗಾಜು ಬಿಳಿ. ಗಾಜು ಬಣ್ಣದಲ್ಲಿ, ಕಮಾನು ಕಪ್ಪು-ಬಿಳುಪಿನಲ್ಲಿ, ಬೇರೆ ಬೇರೆ ಫೋಟೋ.

ಹಾಸನದ ಹತ್ತಿರ ಶೆಟ್ಟಿಹಳ್ಳಿ ಚರ್ಚಿನದು ವಿಚಿತ್ರ ಕಥೆ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದ ಚರ್ಚು ಇದು. ಮಳೆಗಾಲದಲ್ಲಿ ನೀರು ತುಂಬುತ್ತದೆ, ಇಳಿದ ಮೇಲೆ ಒಳಗೆ ನಡೆದಾಡಬಹುದು. ಚಾವಣಿ ಇಲ್ಲ. ಒಳಾಂಗಣಕ್ಕೆ ಆಕಾಶವೇ ಚಾವಣಿ. ಎಲ್ಲರೂ ಇದನ್ನು ಕಪ್ಪು-ಬಿಳುಪಿನಲ್ಲೇ ತೆಗೆಯುತ್ತಾರೆ, ಪಾಳು ಅಂದ ಮೇಲೆ ಹಾಗೇ ಇರಬೇಕು ಅನ್ನುವ ಹಾಗೆ. ನನ್ನ ಅಭಿಪ್ರಾಯ ಬೇರೆ. ಮೋಡ ಕವಿದ ದಿನ ಅಲ್ಲಿನ ಮಾಸಲು ಇಟ್ಟಿಗೆಯ ಕೆಂಪು, ಹುಲ್ಲಿನ ಹಸಿರು ಎಷ್ಟು ತಣ್ಣಗಿರುತ್ತವೆ ಅಂದರೆ ಅದನ್ನು ಬಿಡಲು ಮನಸ್ಸಾಗಬಾರದು. ಅದೇ ಚಳಿಗಾಲದ ಸ್ವಚ್ಛ ನೀಲಿ ಆಕಾಶದ ಕೆಳಗಾದರೆ ಕಪ್ಪು-ಬಿಳುಪು ಮಾಡಿ, ಎಡಿಟಿಂಗಿನಲ್ಲಿ ನೀಲಿಯನ್ನು ಇಳಿಸಿದರೆ ಆಕಾಶ ಗಾಢವಾಗಿ ಗೋಡೆಗಳು ಎದ್ದು ನಿಲ್ಲುತ್ತವೆ. ಮೋಡದ ದಿನ ಈ ಉಪಾಯ ನಡೆಯುವುದಿಲ್ಲ. ಬಿಳಿ ಮೋಡದಲ್ಲಿ ಇಳಿಸಲು ನೀಲಿಯೇ ಇರುವುದಿಲ್ಲ.

ಪ್ಯಾರಿಸ್ಸಿನ ಸೇಂಟ್ ಶಾಪೆಲ್ ಅಂಥ ಕಡೆ, ಗೋಡೆಯೇ ಗಾಜಾಗಿರುವ ಜಾಗದಲ್ಲಿ, ಯೋಚನೆ ಮಾಡುವುದೇ ಬೇಡ. ಬಣ್ಣ.

ಇದಕ್ಕೆ ಎದುರಾಗಿ ಫ್ರೆಡರಿಕ್ ಎಚ್. ಇವಾನ್ಸ್ ನೆನಪಾಗುತ್ತಾರೆ. ಲಂಡನ್ನಿನಲ್ಲಿ ಪುಸ್ತಕ ಮಾರುತ್ತಿದ್ದವರು, ಅಂಗಡಿ ಬಿಟ್ಟು ಕೆಥೆಡ್ರಲ್ಲುಗಳ ಫೋಟೋ ತೆಗೆಯಲು ಹೊರಟರು. 1903ರಲ್ಲಿ ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್ಲಿನಲ್ಲಿ ಅವರು ತೆಗೆದ ಕಲ್ಲಿನ ಮೆಟ್ಟಿಲುಗಳ ಫೋಟೋ ಇವತ್ತಿಗೂ ಈ ಕ್ಷೇತ್ರದ ಅಳತೆಗೋಲು. ಕಾಲು ಸವೆಸಿದ ಮೆಟ್ಟಿಲ ಅಂಚುಗಳ ಮೇಲೆ ಬೆಳಕು ಅಲೆಅಲೆಯಾಗಿ ಏರುತ್ತದೆ, ಅಷ್ಟೇ. ಅವರಿಗೆ ಆಯ್ಕೆ ಇರಲಿಲ್ಲ ನಿಜ, ಆಟೋಕ್ರೋಮ್ ಬಣ್ಣದ ಪ್ಲೇಟುಗಳು ಮಾರುಕಟ್ಟೆಗೆ ಬಂದಿದ್ದೇ 1907ರಲ್ಲಿ. ಆದರೆ ಇವತ್ತು ಅದೇ ಮೆಟ್ಟಿಲನ್ನು ಬಣ್ಣದಲ್ಲಿ ತೆಗೆದರೂ ಹೊಸದಾಗಿ ಸೇರುವುದು ಕಲ್ಲಿನ ಕಂದು ಮಾತ್ರ.

ಕೊನೆಯದಾಗಿ ಒಂದು ಸಣ್ಣ ದೀಪ. ಕ್ಯಾಥೊಲಿಕ್ ಚರ್ಚಿನಲ್ಲಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇಡುವ ಪೆಟ್ಟಿಗೆಯ ಹತ್ತಿರ ಸದಾ ಒಂದು ದೀಪ ಉರಿಯುತ್ತಿರುತ್ತದೆ, ಸಾಮಾನ್ಯವಾಗಿ ಕೆಂಪು ಗಾಜಿನದು. ಕತ್ತಲ ಬಲಿಪೀಠದಲ್ಲಿ ಅದೊಂದೇ ಕೆಂಪು ಚುಕ್ಕೆ. ಬಣ್ಣದ ಫೋಟೋದಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಕಪ್ಪು-ಬಿಳುಪಿನಲ್ಲಿ ಅದು ಹಿಂದಿನ ಮರದ ಬಣ್ಣದಲ್ಲಿ ಕರಗಿಹೋಗುತ್ತದೆ. ಹಾಗಂತ ಇಡೀ ಫೋಟೋ ಕಪ್ಪು-ಬಿಳುಪು ಮಾಡಿ ದೀಪಕ್ಕೆ ಮಾತ್ರ ಕೆಂಪು ಉಳಿಸುವ ಆಟ ಬೇಡ. ಮದುವೆ ಆಲ್ಬಮ್ಮಿನವರೂ ಅದನ್ನು ಬಿಟ್ಟು ಕಾಲವಾಯಿತು.

ಕ್ಯಾಮೆರಾ ಸಿದ್ಧಪಡಿಸುವುದು

ರಾ ಮತ್ತು ಜೆಪೆಗ್ ಎರಡೂ ಉಳಿಯುವಂತೆ ಇಡಿ. ಆಮೇಲೆ ಪಿಕ್ಚರ್ ಸ್ಟೈಲನ್ನು ಮೊನೊಕ್ರೋಮ್ ಮಾಡಿ. ಸ್ಕ್ರೀನಿನಲ್ಲಿ, ಮಿರರ್‌ಲೆಸ್ ಆದರೆ ವ್ಯೂಫೈಂಡರಿನಲ್ಲೂ, ಎಲ್ಲ ಕಪ್ಪು-ಬಿಳುಪಾಗಿ ಕಾಣುತ್ತದೆ. ರಾ ಫೈಲಿನಲ್ಲಿ ಬಣ್ಣ ಹಾಗೇ ಇರುತ್ತದೆ. ಈಗ ಒಂದೇ ಫ್ರೇಮನ್ನು ಮೊನೊಕ್ರೋಮಿನಲ್ಲೊಮ್ಮೆ, ಬಣ್ಣದಲ್ಲೊಮ್ಮೆ ನೋಡಿ. ಮೊನೊಕ್ರೋಮಿನಲ್ಲಿ ನೋಡುವಾಗ ಕಣ್ಣು ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಅಲೆದಾಡಿದರೆ ಆ ಫ್ರೇಮ್ ಬಣ್ಣದ್ದು.

ಎರಡಕ್ಕೂ ಬೇಕಾದ ಸಾಮಾನ್ಯ ಸೆಟ್ಟಿಂಗ್ ಇಷ್ಟು:

- ಟ್ರೈಪಾಡ್ ಇದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು), ಶಟರ್ ಎಷ್ಟು ಬೇಕೋ ಅಷ್ಟು. ಎರಡು ಸೆಕೆಂಡಿನ ಟೈಮರ್ ಹಾಕಿ.
- ಟ್ರೈಪಾಡ್ ಬೇಡ ಅಂದರೆ ಬೆಂಚಿನ ಮೇಲೆ ಮಡಚಿದ ಟವಲ್ ಇಟ್ಟು ಅದರ ಮೇಲೆ ಕ್ಯಾಮೆರಾ.
- ಕೈಯಲ್ಲೇ ಹಿಡಿಯಬೇಕಾದರೆ ಎಫ್/2.8 ಅಥವಾ ಎಫ್/4, ಐಎಸ್‌ಒ 1600ರಿಂದ 6400.
- ಫುಲ್ ಫ್ರೇಮಿನಲ್ಲಿ 16ರಿಂದ 24 ಎಂಎಂ ಲೆನ್ಸ್. ಕ್ಯಾಮೆರಾ ಮೇಲಕ್ಕೆ ವಾಲಿಸಿದರೆ ಕಂಬಗಳು ಒಳಕ್ಕೆ ಬಾಗುತ್ತವೆ. ಗ್ರಿಡ್ ಗೆರೆ ಹಾಕಿಕೊಂಡು ಸಮಮಟ್ಟಕ್ಕೆ ಹಿಡಿಯಿರಿ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚರ್ಚಿಗೆ ಸರಿಯಾದ ಆಯ್ಕೆ ಅನ್ನಿಸುತ್ತದೆ, ಅಲ್ವಾ? ಎಚ್ಚರಿಕೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗವಾದರೆ ಫೋಟೋದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ. 1/100, 1/50 ಅಥವಾ 1/25ರಲ್ಲಿ ತೆಗೆದರೆ ಸಾಮಾನ್ಯವಾಗಿ ಈ ಕಾಟ ಇರುವುದಿಲ್ಲ. ಪಟ್ಟೆ ಬಿದ್ದ ಫೋಟೋವನ್ನು ಕಪ್ಪು-ಬಿಳುಪು ಮಾಡಿದರೂ ಪಟ್ಟೆ ಹೋಗುವುದಿಲ್ಲ.

ಬಣ್ಣಕ್ಕೆ ಎಕ್ಸ್‌ಪೋಷರ್

ಗಾಜಿನ ಕಿಟಕಿಗೆ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನು ಮಾತ್ರ ಅಳೆಯುವುದು) ಮಾಡಿ. ಗಾಜಿನ ಅತಿ ಬೆಳಕಿನ ತುಂಡು, ಸಾಮಾನ್ಯವಾಗಿ ಬಿಳಿ ಅಥವಾ ತಿಳಿಹಳದಿ, ಉರಿಯಬಾರದು. ಉಳಿದದ್ದೆಲ್ಲ ಕತ್ತಲಾದರೆ ಆಗಲಿ. ಸ್ವಲ್ಪ ಕಮ್ಮಿ ಎಕ್ಸ್‌ಪೋಸ್ ಆದ ಗಾಜಿನಲ್ಲೇ ಬಣ್ಣ ಗಟ್ಟಿಯಾಗಿರುತ್ತದೆ.

ಹಿಸ್ಟೋಗ್ರಾಂ (ಫೋಟೋದ ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಬಲತುದಿ ಅತಿ ಬೆಳಕು) ನೋಡುವಾಗ ಬಿಳಿಯದು ಒಂದನ್ನೇ ನೋಡಬೇಡಿ. ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ತೆರೆಯಿರಿ. ಕೆಂಪು ಗಾಜು, ಮೇಣದಬತ್ತಿಯ ಬೆಳಕು ಇರುವ ಕಡೆ ಒಟ್ಟು ಹಿಸ್ಟೋಗ್ರಾಂ ಸರಿಯಾಗೇ ಕಂಡರೂ ಕೆಂಪಿನದು ಬಲಗೋಡೆಗೆ ಬಡಿದಿರುತ್ತದೆ. ಹಾಗಾದಾಗ ಕೆಂಪು ಗಾಜಿನ ಮೇಲಿನ ಗೆರೆ, ಮುಖದ ವಿವರ ಅಳಿಸಿಹೋಗಿ ಬರೀ ಕೆಂಪು ತೇಪೆ ಉಳಿಯುತ್ತದೆ.

ಒಳಾಂಗಣವೂ ಬೇಕು, ಕಿಟಕಿಯೂ ಬೇಕು ಅಂದರೆ ಬ್ರ್ಯಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ತೆಗೆದು ಆಮೇಲೆ ಜೋಡಿಸುವುದು: ಎರಡು ಸ್ಟಾಪ್ ಅಂತರದಲ್ಲಿ ಮೂರು ಫ್ರೇಮ್, ಕಿಟಕಿ ತೀರಾ ಬೆಳಕಾಗಿದ್ದರೆ ಐದು. ಜೋಡಿಸುವಾಗ ಕೈ ಬಿಗಿಯಾಗಿರಲಿ. ಮೂಲೆ ಮೂಲೆಯೂ ಬೆಳಗಿದರೆ ಚರ್ಚು ಹೋಟೆಲಿನ ಸಭಾಂಗಣ ಆಗಿಬಿಡುತ್ತದೆ.

ಕಪ್ಪು-ಬಿಳುಪಿಗೆ ಎಕ್ಸ್‌ಪೋಷರ್

ಇಲ್ಲಿ ನಿಯಮ ಸಡಿಲ. ಕಿಟಕಿ ಸ್ವಲ್ಪ ಉರಿದರೂ ನಡೆಯುತ್ತದೆ, ಆದರೆ ಬಿಸಿಲಿನ ಪಟ್ಟಿ ಬಿದ್ದ ನೆಲದಲ್ಲಿ ಕಲ್ಲಿನ ಮೈ ಕಾಣಬೇಕು. ಅದಕ್ಕೆ ಮೀಟರ್ ಮಾಡಿ. ನೆರಳಿನ ಒಂದೆರಡು ಜಾಗ ಪೂರ್ತಿ ಕಪ್ಪಾಗಲಿ, ಅದರಿಂದಲೇ ಎತ್ತರ, ಆಳ ತಿಳಿಯುವುದು.

ಐಎಸ್‌ಒ ಏರಿಸಲು ಹೆದರಬೇಡಿ. ಬಣ್ಣದ ಫೋಟೋದಲ್ಲಿ ನೆರಳಿನೊಳಗೆ ಕೆಂಪು-ಹಸಿರು ಚುಕ್ಕೆಗಳಾಗಿ ಕಾಣುವ ನಾಯ್ಸ್ ಅಸಹ್ಯ. ಕಪ್ಪು-ಬಿಳುಪಿನಲ್ಲಿ ಆ ಬಣ್ಣದ ಚುಕ್ಕೆ ಹೋಗಿ ಫಿಲ್ಮಿನ ಗ್ರೇನ್ ತರಹದ್ದು ಉಳಿಯುತ್ತದೆ. ಟ್ರೈಪಾಡಿಗೆ ಅವಕಾಶ ಇಲ್ಲದ ಕಡೆ ಕಪ್ಪು-ಬಿಳುಪು ಆರಿಸಲು ಇದೂ ಒಂದು ಒಳ್ಳೆಯ ಕಾರಣ.

ಎಡಿಟಿಂಗ್: ಬೂದು ಬಣ್ಣವನ್ನು ನೀವೇ ಹಂಚುವುದು

ಬಣ್ಣದ ಸ್ಯಾಚುರೇಶನ್ ಸೊನ್ನೆಗೆ ಇಳಿಸಿದರೆ ಕಪ್ಪು-ಬಿಳುಪು ಆಗುವುದಿಲ್ಲ, ಬಣ್ಣ ಕಳೆದುಕೊಂಡ ಫೋಟೋ ಆಗುತ್ತದೆ ಅಷ್ಟೇ. ಕೆಂಪು ಗಾಜಿನ ಪಕ್ಕ ನೀಲಿ ಗಾಜು ಇದೆ ಅಂತಿಟ್ಟುಕೊಳ್ಳಿ. ಕಣ್ಣಿಗೆ ಎರಡೂ ಎಷ್ಟು ಬೇರೆ! ಆದರೆ ಎರಡರ ಬೆಳಕಿನ ಮಟ್ಟ ಒಂದೇ ಆಗಿದ್ದರೆ ಎರಡೂ ಒಂದೇ ಬೂದು. ಸಂತನ ನಿಲುವಂಗಿ ಹಿಂದಿನ ಆಕಾಶದಲ್ಲಿ ಸೇರಿಹೋಗುತ್ತದೆ.

ಲೈಟ್‌ರೂಮ್ ಥರದ ಸಾಫ್ಟ್‌ವೇರಿನಲ್ಲಿ ಕಪ್ಪು-ಬಿಳುಪಿಗೆ ಬದಲಿಸಿದ ಮೇಲೂ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿಗೆ ಬೇರೆ ಬೇರೆ ಸ್ಲೈಡರ್ ಇರುತ್ತವೆ. ಒಂದೊಂದನ್ನೇ ಎರಡೂ ತುದಿಗೆ ಎಳೆದು ನೋಡಿ. ಮರದ ಬೆಂಚುಗಳು ಕಿತ್ತಳೆಯಲ್ಲಿ ಕುಣಿಯುತ್ತವೆ. ಸುಣ್ಣದ ಗೋಡೆ, ಬಲ್ಬಿನ ಬೆಳಕು ಹಳದಿಯಲ್ಲಿ. ಕಿಟಕಿಯ ಬೆಳಕು ಬಿದ್ದ ನೆರಳು ನೀಲಿಯಲ್ಲಿ.

ಈಗ ನೋಡಿ, ಬಣ್ಣದ ಫೋಟೋದಲ್ಲಿ ತಲೆನೋವಾಗಿದ್ದ ಆ ಹಳದಿ-ನೀಲಿ ಜಗಳ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಲಿಪೀಠದ ಹಳದಿ ಬೆಳಕನ್ನು ಸ್ವಲ್ಪ ಏರಿಸಿ, ಪಕ್ಕದ ಗೋಡೆಯ ನೀಲಿಯನ್ನು ಇಳಿಸಿದರೆ ಬಲಿಪೀಠ ತಾನಾಗಿ ಮುಂದೆ ಬರುತ್ತದೆ. ವೈಟ್ ಬ್ಯಾಲೆನ್ಸನ್ನೂ ಆಡಿಸಿ ನೋಡಿ. ಬಣ್ಣ ಕಾಣದಿದ್ದರೂ ಅದು ಒಳಗಿನ ಬಣ್ಣಗಳನ್ನು ಬದಲಿಸುವುದರಿಂದ ಬೂದು ಮಟ್ಟಗಳೂ ಬದಲಾಗುತ್ತವೆ. ನೀಲಿಯನ್ನು ಮಾತ್ರ ತೀರಾ ಕೆಳಕ್ಕೆ ಎಳೆಯಬೇಡಿ, ನೆರಳಿನಲ್ಲಿ ಮಚ್ಚೆ ಮಚ್ಚೆಯಾಗಿ ನಾಯ್ಸ್ ಏಳುತ್ತದೆ.

ಬಣ್ಣದಲ್ಲೇ ಉಳಿಸಬೇಕಾದ ಫೋಟೋದಲ್ಲಿ ಎರಡು ಬೆಳಕಿನ ಜಗಳ ಇದ್ದರೆ ಮೊದಲು ಮುಖ್ಯ ಜಾಗಕ್ಕೆ ವೈಟ್ ಬ್ಯಾಲೆನ್ಸ್ ಸರಿಮಾಡಿ. ಉಳಿದ ಜಾಗಕ್ಕೆ ಮಾಸ್ಕ್ ಹಾಕಿ (ಅಷ್ಟು ಜಾಗವನ್ನು ಮಾತ್ರ ಆರಿಸಿಕೊಂಡು) ಬೇರೆಯಾಗಿ ತಿದ್ದಿ. ಪೂರ್ತಿ ಬಿಳಿ ಮಾಡುವುದು ಬೇಡ. ಬಲ್ಬಿನ ಕೆಳಗೆ ಸ್ವಲ್ಪ ಹಳದಿ ಇದ್ದರೇ ಅದು ಬಲ್ಬು ಅನ್ನಿಸುವುದು.

ಒಟ್ಟಿಗೆ ಇಡುವಾಗ

ಒಂದೇ ಚರ್ಚಿನ ಹತ್ತಾರು ಫೋಟೋ ಒಟ್ಟಿಗೆ ತೋರಿಸುವುದಾದರೆ ಒಂದು ಬಣ್ಣ, ಒಂದು ಕಪ್ಪು-ಬಿಳುಪು ಅಂತ ಬೆರೆಸಬೇಡಿ. ಕಟ್ಟಡದ್ದೆಲ್ಲ ಒಂದು ಗುಂಪು, ಗಾಜು-ಚಿತ್ರ-ಅಲಂಕಾರದ್ದು ಇನ್ನೊಂದು ಗುಂಪು ಮಾಡಿದರೆ ನೋಡುವವರಿಗೆ ಕಾರಣ ತಾನಾಗಿ ತಿಳಿಯುತ್ತದೆ.

ಪ್ರಿಂಟ್ ಹಾಕಿಸುವಾಗ ಕಪ್ಪು-ಬಿಳುಪಿನ ನೆರಳುಗಳನ್ನು ಸ್ಕ್ರೀನಿಗಿಂತ ಸ್ವಲ್ಪ ಬೆಳಗಿಸಿ ಕೊಡಿ. ಮ್ಯಾಟ್ ಪೇಪರಿನಲ್ಲಿ ಕಡು ಕಪ್ಪು ಅಷ್ಟು ಆಳಕ್ಕೆ ಇಳಿಯುವುದಿಲ್ಲ, ನೆರಳಿನ ವಿವರ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೊದಲು ಸಣ್ಣ ಅಳತೆಯಲ್ಲಿ ಒಂದು ಪ್ರಿಂಟ್ ಹಾಕಿಸಿ ನೋಡಿ, ಆಮೇಲೆ ದೊಡ್ಡದು.

ಅನುಮತಿ ಕೊಟ್ಟ ಚರ್ಚಿನವರಿಗೆ ಒಂದು ಪ್ರತಿ ಕೊಡುವುದು ಮರ್ಯಾದೆ. ನಿಮಗೆ ಕಪ್ಪು-ಬಿಳುಪು ಎಷ್ಟೇ ಇಷ್ಟವಾಗಿರಲಿ, ಅವರಿಗೆ ಕೊಡುವುದರಲ್ಲಿ ಬಣ್ಣದ್ದೂ ಇರಲಿ. ಮುಂದೊಂದು ದಿನ ಗೋಡೆಗೆ ಬಣ್ಣ ಹೊಡೆಸುವಾಗಲೋ, ಒಡೆದ ಗಾಜು ಬದಲಿಸುವಾಗಲೋ ಮೊದಲು ಹೇಗಿತ್ತು ಅಂತ ನೋಡಲು ಅವರಿಗೆ ಬೇಕಾಗುವುದು ಅದೇ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಥರ ಕಳಿಸಿದರೆ ಫೈಲು ಕುಗ್ಗಿಹೋಗುತ್ತದೆ. ಪೂರ್ತಿ ಅಳತೆಯ ಜೆಪೆಗ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ, ತೆಗೆದ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಬರೆದು ಕಚೇರಿಗೆ ಕೊಟ್ಟು ಬನ್ನಿ.